ಹಾಸಿಗೆ ಹಿಡಿದವರ ಆರೈಕೆಗೆ ಪಂಚಾಯಿತಿ ಶುಲ್ಕ: ಬೇಕೇ, ಬೇಡವೇ?

ಹಾಸಿಗೆ ಹಿಡಿದ ವಯಸ್ಕರ ಮನೆಗೆ ಆರೈಕೆ ಮಾಡುವವರನ್ನು ಕಳಿಸುವ ಕೆಲಸವನ್ನು ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆಗಳೇ ವಹಿಸಿಕೊಳ್ಳಲಿ ಎಂಬ ಮಾತು ಚಿತ್ರದುರ್ಗ ಜಿಲ್ಲೆಯಲ್ಲೂ ಕೇಳಿಬರುತ್ತಿದೆ. ಹಾಗೆ ಮಾಡಿದರೆ ಉಳ್ಳವರಿಂದ ಶುಲ್ಕ ಪಡೆಯಬೇಕೇ? ಇಬ್ಬರ ಅಭಿಪ್ರಾಯ ಇಲ್ಲಿದೆ.

ಪರ: ಶಕ್ತಿ ಇದ್ದವರು ಕೊಡಲಿ
(ಹೊಳಲ್ಕೆರೆ ತಾಲ್ಲೂಕಿನ ನಿವೃತ್ತ ಪಂಚಾಯಿತಿ ಅಧಿಕಾರಿ)

ಕಚೇರಿ ಟಿಪ್ಪಣಿ ಬರೆದ ಕೈ ನನ್ನದು, ಹಾಗೆಯೇ ಬರೆಯುತ್ತೇನೆ.

ಮೊದಲನೆಯದಾಗಿ, ಈಗ ಮನೆ ಬಾಗಿಲಿಗೆ ಬರುತ್ತಿರುವುದು ತಪಾಸಣೆ, ಆರೈಕೆಯಲ್ಲ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಬಂದು ಬಿಪಿ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಮೈ ಒರೆಸಿ, ಮಗ್ಗುಲು ಬದಲಿಸಿ, ಊಟ ಮಾಡಿಸಲು ದಿನಕ್ಕೆ ಒಂದೆರಡು ಗಂಟೆ ಒಬ್ಬರು ಬೇಕು, ಅವರಿಗೆ ಸಂಬಳ ಬೇಕು. ಪಂಚಾಯಿತಿಯ ಸ್ವಂತ ಆದಾಯವೆಂದರೆ ಮುಖ್ಯವಾಗಿ ಮನೆ ಕಂದಾಯ, ನೀರಿನ ಕರ. ಅದರ ಬಾಕಿ ಎಷ್ಟಿರುತ್ತದೆಂದು ಬಿಲ್ ಕಲೆಕ್ಟರನ್ನು ಕೇಳಿ.

ಎರಡನೆಯದು, ವಂತಿಗೆ ಕಟ್ಟಿ ಸೇವೆ ಪಡೆಯುವುದು ನಮ್ಮ ರೈತರಿಗೆ ಹೊಸದಲ್ಲ. ಸಹಕಾರ ಸಂಘಗಳ ಮೂಲಕ 2003ರಲ್ಲಿ ಬಂದ ಯಶಸ್ವಿನಿ ಆರೋಗ್ಯ ಯೋಜನೆಯನ್ನು ಮತ್ತೆ ಶುರು ಮಾಡಿದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ನಿಗದಿ ಮಾಡಿದರು. ಪರಿಶಿಷ್ಟರ ವಂತಿಗೆಯನ್ನು ಸರ್ಕಾರ ಭರಿಸಿತು. ಕಟ್ಟಲಾಗದವರನ್ನು ಬಿಟ್ಟು ಕಟ್ಟಬಲ್ಲವರಿಂದ ಪಡೆಯುವ ಪದ್ಧತಿ ಇಲ್ಲೇ ಇದೆ.

ಮೂರನೆಯದು, ಹೊರದೇಶದ ಉದಾಹರಣೆ. ಇಂಗ್ಲೆಂಡಿನಲ್ಲಿ ಮನೆ ಆರೈಕೆಗೆ ಸ್ಥಳೀಯ ಕೌನ್ಸಿಲ್‌ಗಳು ಆಸ್ತಿ, ಆದಾಯ ಲೆಕ್ಕ ಹಾಕಿಯೇ ಶುಲ್ಕ ವಿಧಿಸುತ್ತವೆ. 23,250 ಪೌಂಡಿಗಿಂತ ಹೆಚ್ಚು ಉಳಿತಾಯ ಇದ್ದವರು ಸಾಮಾನ್ಯವಾಗಿ ಪೂರ್ತಿ ವೆಚ್ಚ ತಾವೇ ಭರಿಸಬೇಕು. ವಾಸದ ಮನೆಯನ್ನು ಮಾತ್ರ ಆ ಲೆಕ್ಕಕ್ಕೆ ತರುವುದಿಲ್ಲ. ಪಕ್ಕದ ಸ್ಕಾಟ್ಲೆಂಡಿನಲ್ಲಿ 65 ದಾಟಿದವರಿಗೆ ಇಂಥ ಆರೈಕೆ 2002ರಿಂದಲೇ ಉಚಿತ, ಅದನ್ನೂ ಹೇಳಿಬಿಡಬೇಕು.

ನಾಲ್ಕನೆಯದು, ಮಕ್ಕಳ ಹೊಣೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಮಗ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡಿರುತ್ತಾನೆ. ಅವನ ತಾಯಿಯ ಆರೈಕೆಯ ಖರ್ಚನ್ನು ಹಳ್ಳಿಯ ಕೂಲಿಕಾರರ ಕಂದಾಯದಿಂದ ತೆಗೆಯುವುದು ಯಾವ ನ್ಯಾಯ?

ಬಿಪಿಎಲ್ ಕಾರ್ಡ್ ಇದ್ದವರಿಗೆ ಪೂರ್ತಿ ಉಚಿತವಿರಲಿ. ಹಾಗೆ ಬಿಟ್ಟರೆ ನಾನು ಕೆಲಸ ಮಾಡಿದ ಪಂಚಾಯಿತಿಗಳಲ್ಲಿ ಶುಲ್ಕ ಕಟ್ಟುವವರು ಬೆರಳೆಣಿಕೆಯಷ್ಟು ಮಂದಿ ಉಳಿಯುತ್ತಾರೆ, ಬಂದ ಹಣ ವಸೂಲಿಯ ಓಡಾಟಕ್ಕೆ ಸರಿಹೋದರೂ ಹೋಗಬಹುದು. ಆದರೂ ರಸೀದಿ ಪಡೆದವನಿಗೆ ‘ನಿನ್ನೆ ಯಾಕೆ ಬರಲಿಲ್ಲ’ ಎಂದು ಕೇಳುವ ಧೈರ್ಯ ಬರುತ್ತದೆ. ಶುಲ್ಕ ಇರಲಿ ಎಂಬುದೇ ನನ್ನ ಅಭಿಪ್ರಾಯ.

ವಿರೋಧ: ನಾವು ಆಗಲೇ ಕಟ್ಟಿದ್ದೇವೆ
(ಹೊಸದುರ್ಗ ತಾಲ್ಲೂಕಿನ ಗೃಹಿಣಿ, ಸ್ವಸಹಾಯ ಸಂಘದ ಸದಸ್ಯೆ)

ಶುಲ್ಕದ ಮಾತಾಡುವವರು ಒಂದು ರಾತ್ರಿ ಹಾಸಿಗೆ ಹಿಡಿದವರ ಪಕ್ಕ ಕೂತಿದ್ದಾರೆಯೇ? ನಮ್ಮ ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟದ ಹಿಂದೆ ಚರ್ಮ ಕೆಂಪಾಗುತ್ತದೆ, ಬಿಟ್ಟರೆ ಹುಣ್ಣು. ಒಬ್ಬಳೇ ಎತ್ತಲು ಆಗುವುದಿಲ್ಲ. ಮೈಕೆಳಗೆ ಹಳೆ ಸೀರೆ ಮಡಿಸಿ ಹಾಸಿ, ಅದರ ಅಂಚು ಹಿಡಿದು ಎಳೆದು ಹೊರಳಿಸಬೇಕು ಅಂತ ನನಗೆ ಹೇಳಿಕೊಟ್ಟದ್ದು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರ ಮಗಳು. ರಾಗಿ ಗಂಜಿ ಕುಡಿಸುವಾಗ ತಲೆ ಎತ್ತಿ ಹಿಡಿದು, ಒಂದು ಚಮಚ ನುಂಗಿದ್ದು ನೋಡಿಯೇ ಇನ್ನೊಂದು ಕೊಡಬೇಕು. ಅವಸರ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ. ಒಂದು ಲೋಟ ಗಂಜಿಗೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಗೆ ಯಾವ ಪಂಚಾಯಿತಿ ನನಗೆ ಕೂಲಿ ಕೊಟ್ಟಿದೆ?

ಇದೇ ನನ್ನ ಮುಖ್ಯ ತಕರಾರು. ಪ್ರತಿ ಮನೆಯಲ್ಲಿ ಸೊಸೆಯೋ ಮಗಳೋ ಈ ಶುಲ್ಕವನ್ನು ಮೈಯಿಂದ ಕಟ್ಟುತ್ತಾ ಬಂದಿದ್ದಾಳೆ. ಕೂಲಿಗೆ ಹೋಗುವುದು ಬಿಟ್ಟಳು, ಗಾರ್ಮೆಂಟ್ಸ್ ಕೆಲಸ ಬಿಟ್ಟು ಊರಿಗೆ ಬಂದಳು, ಸಂಘದ ಸಾಲದ ಕಂತು ಕಟ್ಟಲಾರದೆ ಹೋದಳು. ಇದು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಪಾರ್ಕಿನ್ಸನ್‌ನಂಥ ಕೆಲವು ಕಾಯಿಲೆಯವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ಸರ್ಕಾರವೇ ಘೋಷಿಸಿದೆ. ಅಂದರೆ ಆರೈಕೆ ಮಾಡುವವರಿಗೇ ಹಣ ಸಲ್ಲಬೇಕು ಎಂದು ಅದೂ ಒಪ್ಪಿದೆ. ಹಾಗಿದ್ದಮೇಲೆ ಅವರ ಮನೆಯಿಂದಲೇ ಶುಲ್ಕ ವಸೂಲು ಮಾಡುವುದು ಹೇಗೆ?

ಉಳ್ಳವರು ಕೊಡಲಿ ಅನ್ನುತ್ತಾರೆ. ಉಳ್ಳವರು ಯಾರು ಎಂದು ಹೇಗೆ ಗೊತ್ತುಮಾಡುತ್ತೀರಿ? ಪಹಣಿ ನೋಡಿಯೇ? ನಮ್ಮ ಕಡೆ ಪಹಣಿಯಲ್ಲಿ ನಾಲ್ಕೆಕರೆ ತೋಟ ಇರುತ್ತದೆ, ತೋಟದಲ್ಲಿ ಸುಳಿ ಒಣಗಿ ನಿಂತ ತೆಂಗಿನ ಮರ ಇರುತ್ತದೆ. ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿದ ಸಾಲ ಪಹಣಿಯಲ್ಲಿ ಪೂರ್ತಿ ಕಾಣುವುದಿಲ್ಲ, ಕೈಸಾಲವನ್ನು ಯಾವ ಕಾಗದ ತೋರಿಸುತ್ತದೆ? ಹಿರಿಯೂರಿನಲ್ಲಿ ವಾಣಿವಿಲಾಸ ಸಾಗರದ ನಾಲೆ ನೀರು ಸಿಕ್ಕವನೂ, ಅಲ್ಲಿಂದ ಸ್ವಲ್ಪ ದೂರದ ಮಳೆಯಾಶ್ರಿತ ಹೊಲದವನೂ ಎಕರೆ ಲೆಕ್ಕದಲ್ಲಿ ಒಂದೇ. ಬಿಪಿಎಲ್ ಕಾರ್ಡೇ ಅಳತೆಗೋಲು ಎನ್ನುವವರಿಗೆ 2024ರ ನವೆಂಬರ್ ಮರೆತುಹೋಯಿತೇ? ಕಾರ್ಡ್‌ಗಳನ್ನು ರದ್ದು ಮಾಡಿ, ಜನ ತಿರುಗಿಬಿದ್ದ ಮೇಲೆ ವಾಪಸ್ ಕೊಟ್ಟರು. ವರ್ಷಕ್ಕೆ 1.20 ಲಕ್ಷ ಆದಾಯದ ಗೆರೆಗಿಂತ ನೂರು ರೂಪಾಯಿ ಮೇಲಿದ್ದವಳ ಅತ್ತೆಗೆ ಬೆನ್ನು ಹುಣ್ಣು ಆಗುವುದಿಲ್ಲವೇ?

ದುಡ್ಡು ಎಲ್ಲಿಂದ ಎನ್ನುವುದು ದೊಡ್ಡ ಪ್ರಶ್ನೆಯೇನಲ್ಲ. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಕಂದಾಯದ ಮೇಲೆ ಗ್ರಂಥಾಲಯ ಕರ, ಭಿಕ್ಷುಕರ ಕರದ ಜೊತೆ ಶೇ 15 ಆರೋಗ್ಯ ಕರವೂ ಇದೆ. ವರ್ಷ ವರ್ಷ ಕಟ್ಟುತ್ತಿದ್ದೇವೆ. ಅದು ಸರ್ಕಾರಕ್ಕೆ ಹೋಗುತ್ತದೆ, ಪಂಚಾಯಿತಿಗೆ ಉಳಿಯುವುದಿಲ್ಲ ಎಂದು ಅಧಿಕಾರಿಗಳು ಹೇಳುತ್ತಾರೆ. ಹಾಗಾದರೆ ವಾಪಸ್ ಕೇಳಿ, ಅದು ನಿಮ್ಮ ಕೆಲಸ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5 ಅಂಗವಿಕಲರಿಗೆ ಮೀಸಲು. ಕೈಕಾಲು ಬಿದ್ದು ಮಲಗಿದ ನಮ್ಮ ಅತ್ತೆಗಿಂತ ಅಂಗವಿಕಲರು ಬೇಕೇ? ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗೆ ಪಂಚಾಯಿತಿಗಳು ಕೂಸಿನ ಮನೆ ತೆರೆದವು. ಅಲ್ಲಿ ಮಗುವಿಗೆ ಊಟ ಮಾಡಿಸಿ ಮಲಗಿಸುವುದಕ್ಕೆ ತಾಯಂದಿರಿಗೆ ಬಿಲ್ ಹಾಕಲಿಲ್ಲ. ಕೂಸಿಗೆ ಇಲ್ಲದ ಬಿಲ್ಲು ಮುದುಕಿಗೆ ಯಾಕೆ?

ಆಗದ ಮಾತು ಎನ್ನುವವರು ಕೇರಳ ನೋಡಿಬರಲಿ. 2008ರಲ್ಲೇ ಉಪಶಮನ ಆರೈಕೆಯ ನೀತಿ ಮಾಡಿ, ಪಂಚಾಯಿತಿಗಳ ಹಣದಲ್ಲಿ ನರ್ಸುಗಳನ್ನು ನೇಮಿಸಿ ಹಾಸಿಗೆ ಹಿಡಿದವರ ಮನೆಗೆ ಕಳಿಸುತ್ತಾರೆ. ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ, ಕ್ಯಾತಿಟರ್ ಬದಲಿಸುತ್ತಾರೆ, ಮನೆಯವರಿಗೂ ಕಲಿಸುತ್ತಾರೆ. ಮಲಪ್ಪುರಂ ಕಡೆ ಊರಿನ ಜನರೇ ಕೈಲಾದಷ್ಟು ಚಂದಾ ಎತ್ತಿ ಇದನ್ನು ಬೆಳೆಸಿದರು. ಅದು ಚಂದಾ, ರೋಗಿಯ ತಲೆದಿಂಬಿನ ಕೆಳಗೆ ಇಟ್ಟುಹೋಗುವ ಬಿಲ್ಲಲ್ಲ.

ಬೆಂಗಳೂರಿನ ಮಗನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಂಥವರಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಶುಲ್ಕದ ನೋಟಿಸು ಹೋಗುವುದು ಅವನ ಫ್ಲ್ಯಾಟಿಗಲ್ಲ, ಊರಿನಲ್ಲಿರುವ ತಾಯಿಯ ಬಾಗಿಲಿಗೆ. ಅವಳ ಕೈಯಲ್ಲಿರುವುದು ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ. ಮಗನ ಮೇಲೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡು ಅಂದರೆ ಯಾವ ತಾಯಿ ಕೊಡುತ್ತಾಳೆ?

ಒಂದು ಮಾತು ಬಚ್ಚಿಡುವುದಿಲ್ಲ. ಅತ್ತೆಯ ಕೊನೆಯ ತಿಂಗಳುಗಳಲ್ಲಿ ನಾವೂ ದುಡ್ಡು ಕೊಟ್ಟು ಆಯಾ ಇಟ್ಟುಕೊಂಡೆವು. ವಾರದಲ್ಲಿ ಎರಡು ದಿನ ಬರುತ್ತಿರಲಿಲ್ಲ. ಪಂಚಾಯಿತಿಯಿಂದ ತರಬೇತಿ ಪಡೆದ ಒಬ್ಬಾಕೆ ಹೇಳಿದ ಹೊತ್ತಿಗೆ ಬರುತ್ತಾಳೆ ಎಂದಿದ್ದರೆ ಆ ದುಡ್ಡನ್ನು ಪಂಚಾಯಿತಿಗೇ ಕಟ್ಟುತ್ತಿದ್ದೆನೋ ಏನೋ. ಅದು ನನ್ನ ಕಷ್ಟ ಆಡಿಸುವ ಮಾತು, ಅದನ್ನೇ ಹಿಡಿದು ಎಲ್ಲರಿಗೂ ದರಪಟ್ಟಿ ಹಾಕಬೇಡಿ.

ಮುಂದಿನ ಗ್ರಾಮಸಭೆಗೆ ಹೆಂಗಸರು ಹೋಗಿ, ಹಿಂದೆ ನಿಲ್ಲದೆ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಕಂದಾಯದ ರಸೀದಿ ಜೊತೆಗಿರಲಿ. ಆರೋಗ್ಯ ಕರ ಎಷ್ಟು ಕಟ್ಟಿದ್ದೇವೆ, ಅಂಗವಿಕಲರ ಶೇ 5ರಲ್ಲಿ ಹಾಸಿಗೆ ಹಿಡಿದವರಿಗೆ ಎಷ್ಟು ಖರ್ಚಾಗಿದೆ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.