ಕೃತಕ ದಂತಮೂಲ: ಮೊನಚೋ, ನೇರವೋ?

ಹಲ್ಲು ಹೋದ ಎಡೆಯಲ್ಲಿ ದವಡೆಯ ಎಲುಬಿಗೆ ಟೈಟೇನಿಯಂ ತಿರುಪನ್ನು ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವ ‘ಇಂಪ್ಲಾಂಟ್’ ಚಿಕಿತ್ಸೆ ಇಂದು ಮುಂಬಯಿ, ಪುಣೆ, ಚೆನ್ನೈಗಳ ಬಡಾವಣೆಗಳಲ್ಲಿಯೂ ದೊರೆಯುತ್ತದೆ. ಅದರ ಹಿಂದೆಯೇ ಒಂದು ಪ್ರಶ್ನೆಯೂ ಬಂದಿದೆ. ತುದಿಯತ್ತ ಕಿರಿದಾಗುತ್ತ ಹೋಗುವ ತಿರುಪು ಲೇಸೋ, ಉದ್ದಕ್ಕೂ ಒಂದೇ ದಪ್ಪದ ತಿರುಪು ಲೇಸೋ? ಮೊದಲನೆಯದು ಹೊಸದು, ಆದುದರಿಂದ ಮೇಲು ಎಂಬ ಭಾವನೆ ಅನೇಕರಲ್ಲಿದೆ. ಇದು ಒಪ್ಪತಕ್ಕ ಮಾತಲ್ಲ.

ಟೈಟೇನಿಯಂ ಲೋಹವು ಜೀವಂತ ಎಲುಬಿನೊಡನೆ ಬೆಸೆದುಕೊಳ್ಳುತ್ತದೆಂಬುದನ್ನು ಕಂಡುಕೊಂಡವರು ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್. ೧೯೬೫ರಲ್ಲಿ ಅವರು ಯೋಸ್ಟಾ ಲಾರ್ಸನ್ ಎಂಬವರ ದವಡೆಗೆ ಕೂರಿಸಿದ ತಿರುಪುಗಳು, ಲಾರ್ಸನ್ ೨೦೦೬ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಮಾಡಿದವು. ಆ ಪದ್ಧತಿ ಲೋಕಪ್ರಸಿದ್ಧವಾದುದು ಒಂದೇ ದಪ್ಪದ ತಿರುಪಿನಿಂದಲೇ. ಹಳೆಯದೆಂಬ ಕಾರಣಕ್ಕೆ ಅದನ್ನು ಕೀಳೆನ್ನುವವರು ಈ ನಾಲ್ಕು ದಶಕಗಳನ್ನು ನೆನೆಯಬೇಕು.

ಹಾಗೆಂದು ಮೊನಚು ತಿರುಪು ಬರಿಯ ವ್ಯಾಪಾರದ ಜಾಣತನವಲ್ಲ. ಮೇಲ್ದವಡೆಯ ಹಿಂಭಾಗದ ಎಲುಬು ಸಾಮಾನ್ಯವಾಗಿ ಮೆದು. ಅಲ್ಲಿ ಈ ತಿರುಪು ಬೆಣೆಯಂತೆ ಎಲುಬನ್ನು ಪಕ್ಕಕ್ಕೆ ಒತ್ತುತ್ತ ಇಳಿದು, ಮೊದಲ ದಿನವೇ ಬಿಗಿಯಾಗಿ ನಿಲ್ಲುತ್ತದೆ. ಹಲ್ಲು ಕಿತ್ತ ಕೂಡಲೆ ಅದೇ ಗುಳಿಯಲ್ಲಿ ಕೂರಿಸುವಾಗಲೂ, ಅಕ್ಕಪಕ್ಕದ ಬೇರುಗಳು ತುದಿಯಲ್ಲಿ ಒತ್ತೊತ್ತಾಗಿರುವಾಗಲೂ ಇದರ ಆಕಾರ ಉಪಕಾರಿ. ಆದರೆ ಕೆಳದವಡೆಯ ಮುಂಭಾಗದಂತಹ ಗಟ್ಟಿ ಎಲುಬಿನಲ್ಲಿ ಅದೇ ಒತ್ತಡ ಹೊರೆಯಾಗಬಲ್ಲದು. ಅಲ್ಲಿ ರಂಧ್ರವನ್ನು ಅಳತೆಗೆ ಸರಿಯಾಗಿ ಕೊರೆದು, ಬೇಕಾದರೆ ಮರೆಯನ್ನೂ ಮೊದಲೇ ಕೊಯ್ದು, ನೀರು ಹಾಯಿಸುತ್ತ ತಂಪಾಗಿ ಮುಗಿಸಬೇಕು. ಎಲುಬು ೪೭ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಅದಕ್ಕೆ ಹಾನಿ ತಪ್ಪದು.

ನೇರ ತಿರುಪಿಗೆ ಇನ್ನೊಂದು ಅನುಕೂಲವುಂಟು. ಆಳವನ್ನು ತುಸು ಹೆಚ್ಚುಕಡಿಮೆ ಮಾಡಿದರೂ ಅದರ ಹಿಡಿತ ಬಹುಮಟ್ಟಿಗೆ ಉಳಿಯುತ್ತದೆ. ಮೊನಚಾದುದನ್ನು ಒಂದೆರಡು ಸುತ್ತು ಹಿಂದಕ್ಕೆ ತಿರುಗಿಸಿದರೆ ಸುತ್ತಲೂ ಸಡಿಲವಾಗುತ್ತದೆ.

ಇಷ್ಟಾಗಿ, ಈ ಹಿಡಿತವೆಲ್ಲ ಮೊದಲ ಕೆಲವು ವಾರಗಳ ಮಾತು. ಆಮೇಲೆ ತಿರುಪನ್ನು ಹಿಡಿದಿಡುವುದು ಅದರ ಸುತ್ತ ಹೊಸದಾಗಿ ಬೆಳೆದ ಎಲುಬು. ವರ್ಷಗಳ ಬಾಳಿಕೆಯಲ್ಲಿ ಎರಡು ಆಕಾರಗಳ ನಡುವೆ ಹೇಳಿಕೊಳ್ಳುವಂತಹ ಅಂತರ ಕಂಡುಬಂದಿಲ್ಲ. ಆಕಾರವನ್ನು ಆರಿಸುವುದು ಎಲುಬನ್ನು ಸ್ಕ್ಯಾನಿನಲ್ಲಿ ಕಂಡ, ಕೊರೆಯುವಾಗ ಅದರ ಗಟ್ಟಿತನವನ್ನು ಕೈಯಲ್ಲಿ ಅರಿತ ವೈದ್ಯರ ಕೆಲಸ. ಜಾಹೀರಾತು ಓದಿಕೊಂಡು ಹೋದ ರೋಗಿಯದಲ್ಲ. ಎಲ್ಲ ಬಾಯಿಗೂ ಒಂದೇ ಬಗೆಯನ್ನು ಹೊಗಳುವ ವೈದ್ಯರನ್ನು ಮಾತ್ರ ಕಾರಣ ಕೇಳುವ ಹಕ್ಕು ರೋಗಿಗಿದೆ.

ರೋಗಿಯ ಕೈಯಲ್ಲಿರುವ ಸಂಗತಿಗಳು ಬೇರೆ. ಹತೋಟಿಯಿಲ್ಲದ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ವಾಸಿಯಾಗದ ವಸಡಿನ ರೋಗ ಇವು ಯಾವ ಆಕಾರದ ತಿರುಪನ್ನೂ ಸಡಿಲಿಸಬಲ್ಲವು. ಲೋಹಕ್ಕೆ ಹುಳುಕು ಹಿಡಿಯದು, ನಿಜ. ಸುತ್ತಲಿನ ವಸಡು ಕೊಳೆತರೆ ಎಲುಬು ಕರಗುತ್ತದೆ. ಸಾವಿರಾರು ರೂಪಾಯಿ ತೆತ್ತು ಹಲ್ಲು ಕಟ್ಟಿಸಿಕೊಂಡು ಬ್ರಷ್ಷಿಗೆ ಆಲಸ್ಯಪಡುವವರಿಗೆ ಏನೆನ್ನುವುದು!

ಹೊರನಾಡಿನ ಕನ್ನಡಿಗರು ಇನ್ನೂ ಒಂದು ಎಚ್ಚರವನ್ನು ವಹಿಸಬೇಕು. ಬ್ಯಾಂಕು, ರೈಲ್ವೆ ನೌಕರಿಗಳಲ್ಲಿ ವರ್ಗಾವಣೆ ತಪ್ಪಿದ್ದಲ್ಲ. ನಿವೃತ್ತಿಯಾದ ಮೇಲೆ ಧಾರವಾಡಕ್ಕೋ ಉಡುಪಿಗೋ ಮರಳುವವರು ಎಷ್ಟೋ ಮಂದಿ. ಮುಂಬಯಿಯಲ್ಲಿ ಕೂರಿಸಿದ ತಿರುಪಿನ ಮೇಲಿನ ಹಲ್ಲು ಅಲ್ಲಿ ಸಡಿಲವಾದರೆ, ಹೊಸ ವೈದ್ಯರಿಗೆ ಮೊದಲು ತಿಳಿಯಬೇಕಾದುದು ಅದು ಯಾವ ಕಂಪನಿಯದು ಎಂಬುದು. ಒಂದು ಕಂಪನಿಯ ಬಿಡಿಭಾಗ ಇನ್ನೊಂದಕ್ಕೆ ಹೊಂದುವ ಭರವಸೆಯಿಲ್ಲ. ಎಕ್ಸ್-ರೇ ನೋಡಿ ಊಹಿಸುವುದು ಸುಲಭವೂ ಅಲ್ಲ. ಕಂಪನಿಯ ಹೆಸರು, ಮಾದರಿ, ದಪ್ಪ, ಉದ್ದ, ಬ್ಯಾಚ್ ಸಂಖ್ಯೆ, ಕೂರಿಸಿದ ದಿನಾಂಕ ಇಷ್ಟನ್ನೂ ಚೀಟಿಯಲ್ಲಿ ಬರೆಸಿಕೊಂಡು, ಪೊಟ್ಟಣದ ಲೇಬಲ್ಲನ್ನು ಅದಕ್ಕೆ ಅಂಟಿಸಿಕೊಂಡು, ಮನೆಯ ಪತ್ರಗಳೊಡನೆ ಇಟ್ಟುಕೊಳ್ಳತಕ್ಕದ್ದು.