ಹಳೆಯ ಕಂಪ್ಯೂಟರಿನ ಮೆಮೊರಿಯನ್ನು ರಬ್ಬರಿನಿಂದ ಉಜ್ಜಿದರೆ ಸರಿಹೋಗುತ್ತದೆಯೇ?

ಜಯನಗರ, ಬನಶಂಕರಿಯ ಹಳೆಯ ಮನೆಗಳನ್ನು ಒಡೆದು ಅಪಾರ್ಟ್‌ಮೆಂಟ್ ಕಟ್ಟುವ ಕಾಲವಿದು. ಅಟ್ಟ ಖಾಲಿ ಮಾಡುವಾಗ 1980ರ ದಶಕದ ಪುಟ್ಟ ಕಂಪ್ಯೂಟರೊಂದು ಸಿಕ್ಕರೆ ಆಶ್ಚರ್ಯವಿಲ್ಲ. ಟಿವಿಗೆ ಜೋಡಿಸಿದರೆ ಪರದೆಯ ತುಂಬ ಬರೀ ಗೀಟು, ಚೌಕ. ಆಗ ನೆನಪಾಗುವುದು ವಾಟ್ಸಾಪ್‌ನಲ್ಲಿ ಓಡಾಡುವ ಸಲಹೆ: ಮೆಮೊರಿ ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸರಿಹೋಗುತ್ತದೆ. ಉಜ್ಜಿದರೂ ಸರಿಹೋಗದಿದ್ದರೆ ಯಂತ್ರ ನೇರ ಗುಜರಿಗೆ ಹೋಗುತ್ತದೆ.

ಈ ಸಲಹೆ ಅರ್ಧ ನಿಜ. ಉಳಿದರ್ಧ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಯಂತ್ರಗಳು ಗುಜರಿ ಸೇರುತ್ತವೆ.

ರಬ್ಬರ್ ಮಾಡುವುದೇನು?

1981ರಲ್ಲಿ ಬಂದ ಸಿಂಕ್ಲೇರ್ ಝಡ್‌ಎಕ್ಸ್81ರಲ್ಲಿ ಇದ್ದದ್ದು ಕೇವಲ 1 ಕಿಲೋಬೈಟ್ ಮೆಮೊರಿ. ಹೆಚ್ಚು ಬೇಕಿದ್ದವರು 16 ಕಿಲೋಬೈಟಿನ ಡಬ್ಬಿಯೊಂದನ್ನು ಹಿಂಬದಿಗೆ ಸಿಕ್ಕಿಸುತ್ತಿದ್ದರು. ಅದು ಚೂರು ಅಲುಗಾಡಿದರೂ ಗಂಟೆಗಟ್ಟಲೆ ಟೈಪ್ ಮಾಡಿದ ಪ್ರೋಗ್ರಾಂ ಮಾಯ! ಅಲ್ಲಿ ಮೆಮೊರಿ ಕೆಟ್ಟಿರುತ್ತಿರಲಿಲ್ಲ, ಸಂಪರ್ಕ ತಪ್ಪಿರುತ್ತಿತ್ತು. ಲೋಹದ ಪಟ್ಟಿಗಳ ಮೇಲೆ ದೂಳು, ತೇವದಿಂದ ತೆಳುವಾದ ಪೊರೆ ಕಟ್ಟಿದರೂ ಹೀಗೇ ಆಗುತ್ತದೆ. ರಬ್ಬರ್ ಆ ಪೊರೆಯನ್ನು ತೆಗೆಯುತ್ತದೆ, ಯಂತ್ರ ಎದ್ದು ಕೂರುತ್ತದೆ.

ಆದರೆ ಪದೇ ಪದೇ ಉಜ್ಜಿದರೆ ತೆಳುವಾದ ಲೇಪವೂ ಸವೆಯುತ್ತದೆ. ರಬ್ಬರಿನ ಪುಡಿ ಸ್ಲಾಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದೇ ಉತ್ತಮ.

ಚಿಪ್ಪೇ ಕೆಟ್ಟಿದ್ದರೆ?

ಆಗ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. 1982ರ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೇ ನೋಡೋಣ. ನಮ್ಮ ದೇಶದಲ್ಲಿ ಪುಣೆಯ ಡೆಸಿಬೆಲ್ಸ್ ಕಂಪನಿ ಇದನ್ನು 'ಡಿಬಿ ಸ್ಪೆಕ್ಟ್ರಮ್' ಹೆಸರಿನಲ್ಲಿ ಮಾರಿತ್ತು. ಇದರ 16 ಕಿಲೋಬೈಟ್ ಮಾದರಿಗೆ ಇನ್ನೂ 32 ಕಿಲೋಬೈಟ್ ಸೇರಿಸಿಕೊಳ್ಳಬಹುದಿತ್ತು. ಸೇರಿಸಿದ ಭಾಗ ಸರಿಯಿದೆಯೇ ಎಂದು ಯಂತ್ರವೇ ಹೇಳುತ್ತದೆ. 'ಪ್ರಿಂಟ್ ಪೀಕ್ 23732 + 256 * ಪೀಕ್ 23733' ಎಂದು ಕೊಡಿ. 65535 ಬಂದರೆ ಪೂರ್ತಿ 48 ಕಿಲೋಬೈಟ್ ಇದೆ. 32767 ಬಂದರೆ ಹೆಚ್ಚುವರಿ ಮೆಮೊರಿ ಯಂತ್ರಕ್ಕೆ ಕಾಣುತ್ತಿಲ್ಲ, ಇಲ್ಲವೇ ಅದರ ಆರಂಭದಲ್ಲೇ ದೋಷವಿದೆ.

ಯಾವ ಚಿಪ್ ಕೆಟ್ಟಿದೆ ಎಂದೂ ಪತ್ತೆ ಹಚ್ಚಬಹುದು. ಒಂದು ಬೈಟ್‌ನಲ್ಲಿ 8 ಬಿಟ್. ಹೆಚ್ಚುವರಿ ಭಾಗದಲ್ಲಿ 8 ಚಿಪ್, ಪ್ರತಿಯೊಂದೂ ಒಂದೊಂದು ಬಿಟ್ ಇಟ್ಟುಕೊಳ್ಳುತ್ತದೆ. 'ಪೋಕ್ 40000,0' ಎಂದು ಸೊನ್ನೆ ಬರೆದು, 'ಪ್ರಿಂಟ್ ಪೀಕ್ 40000' ಎಂದು ಓದಿ. ಸೊನ್ನೆಯ ಬದಲು 16 ಬಂತೆನ್ನಿ. 16 ಎಂದರೆ 2ರ ನಾಲ್ಕನೇ ಘಾತ. ಹಾಗಾಗಿ ಸೊನ್ನೆಯಿಂದ ಎಣಿಸಿದರೆ 4ನೇ ಬಿಟ್‌ನ ಚಿಪ್ ಮೇಲೆ ಅನುಮಾನ. 255 ಬರೆದೂ ಒಮ್ಮೆ ಪರೀಕ್ಷಿಸಿ.

ಇನ್ನೊಂದು ಸ್ವಾರಸ್ಯ: ಬೆಲೆ ಇಳಿಸಲು ಸಿಂಕ್ಲೇರ್ ಕಂಪನಿ ಈ ಹೆಚ್ಚುವರಿ ಭಾಗಕ್ಕೆ ಅರ್ಧ ಕೆಟ್ಟ 64 ಕಿಲೋಬಿಟ್ ಚಿಪ್‌ಗಳನ್ನು ಕೊಂಡು, ಸರಿಯಿದ್ದ ಅರ್ಧವನ್ನಷ್ಟೇ ಬಳಸಿತ್ತು!

ಹಾಗಾದರೆ ಏನು ಮಾಡಬೇಕು?

1. ವಿದ್ಯುತ್ ತಂತಿ ಕಿತ್ತ ಮೇಲೆಯೇ ಮೆಮೊರಿಗೆ ಕೈ ಹಾಕಿ. ಚಾಲೂ ಇರುವಾಗ ತೆಗೆದರೆ, ಸಿಕ್ಕಿಸಿದರೆ ಚಿಪ್ ಸುಡಬಹುದು.

2. ಹೊರಗಿನ ಮೆಮೊರಿ ತೆಗೆದು ಯಂತ್ರವನ್ನಷ್ಟೇ ಚಾಲೂ ಮಾಡಿ. ಎದ್ದರೆ ತೊಂದರೆ ಇರುವುದು ಮೆಮೊರಿಯಲ್ಲಿ ಅಥವಾ ಸಂಪರ್ಕದಲ್ಲಿ. ಏಳದಿದ್ದರೆ ಯಂತ್ರದಲ್ಲೇ ಅಥವಾ ಅಡಾಪ್ಟರಿನಲ್ಲಿ.

3. ಸಂಪರ್ಕಗಳನ್ನು ಒರೆಸಿ, ಒಣಗಿದ ಮೇಲೆ ಮತ್ತೆ ನೋಡಿ.

4. ಹೊಸ ಚಿಪ್ ಹಾಕುವ ಮುನ್ನ ಮಲ್ಟಿಮೀಟರಿನಿಂದ ವೋಲ್ಟೇಜ್ ಅಳೆಯಿರಿ. ಸ್ಪೆಕ್ಟ್ರಮ್‌ನ ಮೊದಲ 16 ಕಿಲೋಬೈಟ್‌ನ ಚಿಪ್‌ಗಳಿಗೆ +5, +12 ಮತ್ತು −5 ವೋಲ್ಟ್ ಮೂರೂ ಬೇಕು. −5 ತಪ್ಪಿದ್ದರೆ ನೀವು ಹಾಕಿದ ಹೊಸ ಚಿಪ್ಪೂ ಹಾಳಾಗುತ್ತದೆ.

ಮಲ್ಟಿಮೀಟರ್ ಬೇಕಿದ್ದರೆ ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದುಹೋಗಿ. ಬೆಸುಗೆ ಹಾಕಲು ಬಾರದಿದ್ದರೆ ಬಲ್ಲವರ ಕೈಗೆ ಕೊಡಿ. ಅಡಾಪ್ಟರನ್ನು ಮಾತ್ರ ನೀವೇ ಬಿಚ್ಚಬೇಡಿ, ಅದರೊಳಗೆ ಮನೆಯ 230 ವೋಲ್ಟ್ ಹರಿಯುತ್ತದೆ.

ಮುಂದಿನ ಸಲ ಆ ರಬ್ಬರ್ ಸಲಹೆ ನಿಮ್ಮ ಗ್ರೂಪಿಗೆ ಬಂದರೆ ಹಾಗೇ ಮುಂದೆ ಕಳಿಸಬೇಡಿ. ಜೊತೆಗೆ ಒಂದು ಸಾಲು ಸೇರಿಸಿ: ಉಜ್ಜುವುದರಿಂದ ಕೊಳೆ ಹೋಗುತ್ತದೆಯೇ ಹೊರತು ಸತ್ತ ಚಿಪ್ ಬದುಕುವುದಿಲ್ಲ, ಗುಜರಿಗೆ ಹಾಕುವ ಮುನ್ನ ಪರೀಕ್ಷಿಸಿ ನೋಡಿ.