ಪಾದಕ್ಕೆ ಒಗ್ಗುವ ಪೆಡಲು

ಭೂಮಿಯನ್ನು ನಂಬಿ ಬದುಕುವವರಿಗೆ ಕಾಲಿನ ದುಡಿಮೆ ಹೊಸದಲ್ಲ. ಏತದ ಮರದ ಮೇಲೆ ಹಿಂದೆ ಮುಂದೆ ನಡೆದು ನೀರೆತ್ತಿದವರು, ಕುಣಿಮಗ್ಗದಲ್ಲಿ ಕುಳಿತು ಕಾಲಿನಿಂದ ಹಲಗೆಯನ್ನೊತ್ತಿ ಸೀರೆ ನೆಯ್ದವರು ನಮ್ಮ ಹಿರಿಯರು. ಆ ಸಾಧನಗಳನ್ನು ಊರಿನ ಬಡಗಿಯು ದುಡಿಯುವವನ ಮೈಕಟ್ಟು ನೋಡಿ ಮಾಡಿಕೊಡುತ್ತಿದ್ದನು. ಇಂದಿನ ಟ್ರ್ಯಾಕ್ಟರಾದರೋ ಕಾರ್ಖಾನೆಯಿಂದ ಒಂದೇ ಅಳತೆಯಲ್ಲಿ ಬರುತ್ತದೆ. ಕುಳಿತುಕೊಳ್ಳುವವರು ಮಾತ್ರ ಒಂದೇ ಅಳತೆಯವರಲ್ಲ.

ನಮಗೆ ಬಂದ ಪತ್ರವೊಂದರಲ್ಲಿ ತಾಯಿಯೊಬ್ಬರು ತಮ್ಮ ಮನೆಯ ಕಷ್ಟವನ್ನು ತೋಡಿಕೊಂಡಿದ್ದಾರೆ. ಸಕ್ಕರೆ ಕಾಯಿಲೆಯಿಂದ ಮಗನ ಎಡಗಾಲು ಮೊಣಕಾಲ ಕೆಳಗೆ ಹೋಯಿತು. ಕೃತಕ ಕಾಲು ಹಾಕಿಸಿಕೊಂಡು ನಡೆಯುತ್ತಾನೆ. ಮತ್ತೆ ಟ್ರ್ಯಾಕ್ಟರ್ ಏರಬೇಕೆಂಬ ಹಟ ಅವನದು. ಸೊಸೆಯೂ ಕಲಿಯಲು ಸಿದ್ಧಳಿದ್ದಾಳೆ, ಆದರೆ ಅವಳ ಪಾದ ಕ್ಲಚ್ಚಿಗೆ ಪೂರ್ತಿ ಎಟುಕದು. ಊರಿನ ವೆಲ್ಡಿಂಗ್ ಅಂಗಡಿಯವನು, “ಒಂದು ಪೈಪು ಬೆಸೆದರೆ ತಾಸಿನಲ್ಲಿ ಕೆಲಸ ಮುಗಿಯಿತು” ಎನ್ನುತ್ತಾನೆ. ಬೆಸೆಯಿಸಬಹುದೇ, ಇಲ್ಲವೇ ಹೊಲವನ್ನು ಲಾವಣಿಗೆ ಕೊಡುವುದೊಂದೇ ದಾರಿಯೇ ಎಂಬುದು ಅವರ ಪ್ರಶ್ನೆ. ಇದು ಅನೇಕ ಮನೆಗಳ ಪ್ರಶ್ನೆಯಾದುದರಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಕಾಲಿನ ಕೆಲಸವೆಷ್ಟೆಂಬುದನ್ನು ತಿಳಿಯೋಣ. ಟ್ರ್ಯಾಕ್ಟರಿನಲ್ಲಿ ಎಡಗಾಲಿಗೆ ಕ್ಲಚ್ಚು; ಬಲಗಾಲಿಗೆ ಎಡ ಬಲ ಗಾಲಿಗಳ ಎರಡು ಪ್ರತ್ಯೇಕ ಬ್ರೇಕು ಮತ್ತು ಆಕ್ಸಿಲರೇಟರು. ಚೌಕಾಕಾರದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 210 ಅಡಿ. ಏಳು ಅಡಿ ಅಗಲದ ಕಲ್ಟಿವೇಟರಿನಿಂದ ಉತ್ತರೆ 30 ಸಾಲು ಹೊಡೆಯಬೇಕು. ಪ್ರತಿ ತಿರುವಿನಲ್ಲಿ ಒಮ್ಮೆಯಾದರೂ ಕ್ಲಚ್ ಒತ್ತಿದರೆ ಹತ್ತು ಎಕರೆಗೆ ಸುಮಾರು 300 ಸಲ. ಎರಡು ಸಲ ಉತ್ತರೆ 600 ಸಲ. ಮೊಣಕಾಲು ನೋಯುವ ಹಿರಿಯರಿಗೆ ಸಂಜೆ ಮೆಟ್ಟಿಲಿಳಿಯಲಾಗದಿದ್ದರೆ ಆಶ್ಚರ್ಯವೇನು?

ಆದರೆ ಪೆಡಲನ್ನು ಬದಲಿಸುವ ಮುನ್ನ ಅದರ ಆರೋಗ್ಯವನ್ನು ಪರೀಕ್ಷಿಸಬೇಕು. ತುಕ್ಕು ಹಿಡಿದ ಕೀಲು, ಗ್ರೀಸ್ ಕಾಣದ ಸಂದು, ಸವೆದ ಕ್ಲಚ್ ಫಲಕ ಇವುಗಳಿಂದಲೇ ಪೆಡಲು ಗಡುಸಾಗುವುದುಂಟು. ಪೆಡಲಿನ ಆರಂಭದ ಖಾಲಿ ಚಲನೆ, ಅಂದರೆ ‘ಫ್ರೀ ಪ್ಲೇ’, ಕೈಪಿಡಿಯಲ್ಲಿ ಹೇಳಿದಷ್ಟಿರಬೇಕು. ಅದು ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡದು. ಇಲ್ಲವಾದರೆ ಬೇರಿಂಗು ಮತ್ತು ಫಲಕ ಬೇಗ ಸವೆಯುತ್ತವೆ. ದಾರಿಯುದ್ದಕ್ಕೂ ಕ್ಲಚ್ಚಿನ ಮೇಲೆ ಪಾದವನ್ನಿಟ್ಟುಕೊಂಡೇ ಹೋಗುವವರ ಟ್ರ್ಯಾಕ್ಟರಿಗೂ ಇದೇ ಗತಿ. ಈ ದುರಸ್ತಿಯಿಂದಲೇ ಎಷ್ಟೋ ಕಾಲುಗಳ ನೋವು ಇಳಿಯುತ್ತದೆ.

ಇನ್ನು ಸೊಸೆಯ ವಿಷಯ. ಮೊದಲು ಸೀಟನ್ನು ಮುಂದಕ್ಕೆ ಸರಿಸಿ, ಬೆನ್ನಿಗೆ ಗಟ್ಟಿಯಾದ ಆಸರೆ ಕೊಡಬೇಕು. ಬೆನ್ನಿಗೆ ಆಸರೆಯಿಲ್ಲದೆ ಕಾಲಿಗೆ ಬಲ ಬಾರದು. ಅಷ್ಟಾದರೂ ಎಟುಕದಿದ್ದರೆ ಪೆಡಲಿನ ಮುಖದ ಮೇಲೆ ದಪ್ಪನೆಯ ತುಂಡನ್ನು ಬೋಲ್ಟಿನಿಂದ ಬಿಗಿಸಿ ಅದರ ಮೇಲೆ ಜಾರದ ರಬ್ಬರನ್ನು ಹೊದಿಸಬಹುದು. ಇದರಿಂದ ಪೆಡಲು ಪಾದದ ಬಳಿಗೆ ಬರುತ್ತದೆ. ಒತ್ತುವ ಬಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಬಲವನ್ನೇ ಕಡಿಮೆ ಮಾಡಬೇಕಾದರೆ ಪೆಡಲಿನ ತೋಳನ್ನು ಉದ್ದ ಮಾಡಬೇಕು. ಇಲ್ಲಿ ಸನ್ನೆಯ ನ್ಯಾಯವನ್ನು ಮರೆಯಬಾರದು. 30 ಸೆಂಟಿಮೀಟರಿನ ತೋಳನ್ನು 36ಕ್ಕೆ ಹೆಚ್ಚಿಸಿದರೆ, 30 ಕಿಲೋ ಭಾರದಷ್ಟಿದ್ದ ಒತ್ತಡ 25ಕ್ಕೆ ಇಳಿಯುತ್ತದೆ. ಆದರೆ 15 ಸೆಂಟಿಮೀಟರ್ ಒತ್ತಬೇಕಾಗಿದ್ದ ಪೆಡಲನ್ನು 18 ಸೆಂಟಿಮೀಟರ್ ಒತ್ತಬೇಕಾಗುತ್ತದೆ. ಅಷ್ಟು ದೂರ ಹೋಗುವ ಮೊದಲೇ ಪೆಡಲು ಕಾಲಡಿಯ ತಗಡಿಗೆ ತಾಗಿ ನಿಂತರೆ ಕ್ಲಚ್ ಬಿಡುವುದೇ ಇಲ್ಲ. ಎರಡು ಹಂತದ ಕ್ಲಚ್ ಇರುವ ಟ್ರ್ಯಾಕ್ಟರಿನಲ್ಲಿ ಅರ್ಧ ಒತ್ತಿದಾಗ ಗಾಲಿಗಳ ಚಲನೆ, ಪೂರ್ತಿ ಒತ್ತಿದಾಗ ಪಿ.ಟಿ.ಓ. ದಂಡ ನಿಲ್ಲುತ್ತದೆ. ಪೂರ್ತಿ ಒತ್ತಲಾಗದಿದ್ದರೆ ಹಿಂದಿನ ರೋಟವೇಟರು ತಿರುಗುತ್ತಲೇ ಇರುತ್ತದೆ. ಅದರಿಂದ ಏನಾಗಬಹುದೆಂಬುದನ್ನು ರೈತ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಗನ ವಿಷಯ ಇನ್ನೂ ಸೂಕ್ಷ್ಮ. ಜಯಪುರದಲ್ಲಿ 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ಅವರಿಂದ ರೂಪುಗೊಂಡ ‘ಜೈಪುರ ಕಾಲು’ ಕೆಸರಿನಲ್ಲಿ ನಡೆಯಬಲ್ಲದು, ಕುಕ್ಕರಗಾಲಲ್ಲಿ ಕೂಡಬಲ್ಲದು. ಆದರೆ ಯಾವ ಕೃತಕ ಕಾಲಿಗೂ ಸ್ಪರ್ಶಜ್ಞಾನವಿಲ್ಲ. ತೊಡೆಯ ಬಲದಿಂದ ಪೆಡಲನ್ನು ಒತ್ತಬಹುದು. ಪಾದ ಪೆಡಲಿನ ಮೇಲಿದೆಯೋ ಜಾರಿದೆಯೋ ಎಂಬುದು ಮಾತ್ರ ತಿಳಿಯದು. ಆದ್ದರಿಂದ ಅಂಥವರ ಪೆಡಲು ಅಗಲವಾಗಿರಬೇಕು, ಮೇಲ್ಮೈ ಒರಟಾಗಿರಬೇಕು, ಪಾದ ಪಕ್ಕಕ್ಕೆ ಸರಿಯದಂತೆ ಅಂಚು ಎದ್ದಿರಬೇಕು. ಆದರೆ ಪಾದ ಸಿಕ್ಕಿಕೊಳ್ಳುವಂತೆ ಪಟ್ಟಿ ಕಟ್ಟಬಾರದು.

ಕಾಲಿನಿಂದ ಆಗದೇ ಇದ್ದಾಗ ಕ್ಲಚ್ಚಿನ ತೋಳಿಗೆ ಸನ್ನೆಯೊಂದನ್ನು ಬಿಗಿದು ಎಡಗೈಯಿಂದ ಒತ್ತುವ ವ್ಯವಸ್ಥೆಯೂ ಉಂಟು. ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಆರಂಭವಾದ ‘ಬ್ರೇಕಿಂಗ್ ನ್ಯೂ ಗ್ರೌಂಡ್’ ಎಂಬ ಕಾರ್ಯಕ್ರಮವು ಅಂಗವೈಕಲ್ಯವುಳ್ಳ ರೈತರಿಗಾಗಿ ಇಂತಹ ಮಾರ್ಪಾಡುಗಳನ್ನು ಅಭ್ಯಾಸ ಮಾಡುತ್ತ ಬಂದಿದೆ. ಕೈಸನ್ನೆಯನ್ನು ಹಿಡಿದಾಗ ಸ್ಟಿಯರಿಂಗಿಗೆ ಉಳಿಯುವುದು ಒಂದೇ ಕೈ ಎಂಬುದನ್ನು ನೆನಪಿಡಬೇಕು. ಬಲಗಾಲು ಸೋತವರಿಗೆ ಕೈಯಿಂದ ನಡೆಸುವ ಥ್ರಾಟಲ್ ಟ್ರ್ಯಾಕ್ಟರಿನಲ್ಲಿ ಮೊದಲೇ ಇರುವುದರಿಂದ ಆಕ್ಸಿಲರೇಟರಿನ ಚಿಂತೆಯಿಲ್ಲ, ಬ್ರೇಕಿನದೇ ಚಿಂತೆ.

ಈಗ ಆ ಪೈಪಿನ ಪ್ರಶ್ನೆಗೆ ಬರೋಣ. ಬೆಸುಗೆ ಬೇಡವೆಂಬುದು ನಮ್ಮ ಸ್ಪಷ್ಟವಾದ ಮಾತು. ಬೆಸುಗೆಯ ಕಾವಿಗೆ ಪೆಡಲಿನ ಲೋಹ ಬಿರುಸಾಗಿ ಕಣ್ಣಿಗೆ ಕಾಣದ ಸೀಳು ಬೀಳಬಹುದು. ಕ್ಲಚ್ ಒತ್ತಿದ ಕಾಲು ಹಠಾತ್ತನೆ ಜಾರಿದರೂ, ಪೈಪು ಮುರಿದರೂ ಫಲ ಒಂದೇ. ಗಾಲಿ ಹೂತು ಭಾರ ಎಳೆಯುತ್ತಿರುವ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡು ಸಾಕು, ಜಿಗಿಯಲು ಅವಕಾಶವಿಲ್ಲ. ಬ್ರೇಕಿನ ಪೆಡಲನ್ನಂತೂ ಊರ ಅಂಗಡಿಯಲ್ಲಿ ಮುಟ್ಟಿಸಲೇಬಾರದು. ರಸ್ತೆಗಿಳಿಯುವಾಗ ಎರಡು ಬ್ರೇಕುಗಳನ್ನೂ ಕೊಂಡಿಯಿಂದ ಜೋಡಿಸಲೇಬೇಕು. ಒಂದೇ ಬದಿಯ ಬ್ರೇಕು ಹಿಡಿದರೆ ಟ್ರ್ಯಾಕ್ಟರು ಪಕ್ಕಕ್ಕೆಳೆದು ಮಗುಚೀತು. ಒಂದು ಬ್ರೇಕಿಗೆ ಮಾತ್ರ ತುಂಡು ಕಟ್ಟಿದರೆ ಆ ಜೋಡಣೆಯೇ ಕೆಡಬಹುದು. ಕ್ಲಚ್ ಒತ್ತದ ಹೊರತು ಎಂಜಿನ್ ಚಾಲೂ ಆಗದಂತೆ ಕೆಲವು ಟ್ರ್ಯಾಕ್ಟರುಗಳಲ್ಲಿ ಸ್ವಿಚ್ಚಿರುತ್ತದೆ. ಅನುಕೂಲಕ್ಕೆಂದು ಅದರ ತಂತಿಯನ್ನು ಬೈಪಾಸ್ ಮಾಡಿಸುವುದು ಮಹಾ ಅವಿವೇಕ.

ಕಾನೂನಿನ ಮಾತೂ ಇದೆ. ನೋಂದಣಿಯಾದ ವಾಹನದ ರಚನೆಯನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ಅಂಗವೈಕಲ್ಯವುಳ್ಳವರಿಗಾಗಿ ಮಾರ್ಪಡಿಸಿದ ವಾಹನಕ್ಕೆ 2019ರ ತಿದ್ದುಪಡಿಯಲ್ಲಿ ಪ್ರತ್ಯೇಕ ಮನ್ನಣೆಯಿದೆ. ಆದ್ದರಿಂದ ಮೊದಲು ಕಂಪನಿಯ ಡೀಲರನ್ನೂ, ಬಳಿಕ ಆರ್.ಟಿ.ಓ. ಕಚೇರಿಯನ್ನೂ ವಿಚಾರಿಸಬೇಕು. ಮಗನ ಚಾಲನಾ ಪರವಾನಗಿಯ ಸಂಗತಿಯನ್ನೂ ಅಲ್ಲಿಯೇ ಕೇಳಬೇಕು. ಸೊಸೆಯ ತರಬೇತಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯೂ ಇದೆ.

ಮಾರ್ಪಾಡಾದ ಮೇಲೆ ಮೊದಲು ಎಂಜಿನ್ ನಿಲ್ಲಿಸಿ ಪೆಡಲನ್ನು ಕೊನೆಯವರೆಗೆ ಹತ್ತಾರು ಸಲ ಒತ್ತಿ ನೋಡಬೇಕು. ಅನಂತರ ಸಮತಟ್ಟಾದ ಬಯಲಿನಲ್ಲಿ, ಹಿಂದೆ ಯಾವ ಉಪಕರಣವೂ ಇಲ್ಲದೆ, ಸಣ್ಣ ಗೇರಿನಲ್ಲಿ ನಡೆಸಬೇಕು. ಹೊಲದಲ್ಲಿ ಮೆಟ್ಟುವ ಪಾದರಕ್ಷೆಯನ್ನೇ ಮೆಟ್ಟಿ, ಅದಕ್ಕೆ ಕೆಸರು ಮೆತ್ತಿದ್ದಾಗಲೂ ಪರೀಕ್ಷಿಸಬೇಕು. ವಾರಕ್ಕೊಮ್ಮೆ ಬೋಲ್ಟು ಬಿಗಿಯಿದೆಯೇ ಎಂದು ನೋಡುವ ಹೊಣೆಯನ್ನು ಮನೆಯ ಒಬ್ಬರು ಹೊರಬೇಕು.

ತಾಯೀ, ಹೊಲವನ್ನು ಲಾವಣಿಗೆ ಕೊಡುವ ಅವಸರ ಬೇಡ. ಈ ಹಂಗಾಮಿನ ಉಳುಮೆಯನ್ನು ಬಾಡಿಗೆ ಟ್ರ್ಯಾಕ್ಟರಿನಿಂದ ಮುಗಿಸಿಕೊಳ್ಳಿರಿ. ಅಷ್ಟರಲ್ಲಿ ಸೊಸೆ ಕ್ರಮವಾಗಿ ಕಲಿಯಲಿ. ಮಗನು ವೈದ್ಯರನ್ನೂ ಕೃತಕ ಕಾಲು ಮಾಡಿದವರನ್ನೂ ಕಂಡು, ಅವರ ಒಪ್ಪಿಗೆ ಪಡೆದ ಬಳಿಕವೇ ಪೆಡಲಿನ ಕೆಲಸಕ್ಕೆ ಕೈ ಹಾಕಲಿ. ಒಂದು ಹಂಗಾಮು ತಡವಾದರೆ ತುಂಬಿಕೊಳ್ಳಬಹುದಾದ ನಷ್ಟ. ತಾಸಿನ ಬೆಸುಗೆಯಿಂದ ಆಗಬಹುದಾದುದನ್ನು ಯಾರಿಂದಲೂ ತುಂಬಿಕೊಡಲಾಗದು. ನಿಮ್ಮ ಮನೆಯವರೆಲ್ಲರಿಗೂ ಒಳಿತಾಗಲಿ.